ಉಂಡ ಮೇಲೆ ಹೋಗಲೇಬೇಕು

ಎಲ್ಲ ದಿನಗಳ ಹಾಗೆಯೇ ಇದ್ದ ಕೊನೆಯ ದಿನ ನಾನೂ ನನ್ನ ಹೆಂಡತಿ ರುದ್ರಮ್ಮನೂ ಮುದ್ದೆ ಕೋಲಿನ ವಿಷಯಕ್ಕೆ ಜಗಳವಾಡಿದೆವು. ವಿದೇಶಕ್ಕೆ ಹೋಗುವವರು ಮುದ್ದೆ ಕೋಲನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬಹುದೇ, ಇಲ್ಲವೆ ದೊಡ್ಡ ಪೆಟ್ಟಿಗೆಗೆ ಹಾಕಿ ವಿಮಾನದ ಹೊಟ್ಟೆಗೆ ಕಳಿಸಬೇಕೇ ಎಂಬುದು ಪ್ರಶ್ನೆ. ಇಬ್ಬರೂ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದ್ದರಿಂದ ಈ ವಿಷಯದಲ್ಲಿ ಇಬ್ಬರಿಗೂ ಬಹಳ ಖಚಿತವಾದ ಅಭಿಪ್ರಾಯಗಳಿದ್ದವು.

“ಅದು ಬಡಿಗಿ ಇದ್ದಂಗ ಕಾಣ್ತೈತಿ. ಪೊಲೀಸರು ಹಿಡೀತಾರ,” ಎಂದೆ.

“ಹಿಡೀಲಿ ಬಿಡ್ರೀ. ಗಂಡನ್ನ ಒಡಿಯಾಕೆ ಮಡಿಕ್ಕಂಡಿವ್ನಿ ಅಂತೀನಿ. ಅವ್ರ ಮನ್ಯಾಗೂ ಎಂಡ್ರು ಇರಲ್ವಾ, ಅರ್ಥ ಆಗ್ತೈತೆ.”

ನಾನು ಆಂಧ್ರದ ರಾಯದುರ್ಗದವನು, ಜೋಳದ ರೊಟ್ಟಿಯವನು. ಅವಳು ಮಡಕಶಿರಾ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ, ರಾಗಿ ಮುದ್ದೆ. ಒಂದೇ ಒಲೆಯ ಮೇಲೆ ಎರಡು ಸೀಮೆಗಳ ಅಡುಗೆ ಮಾಡಿಕೊಂಡೇ ನಮ್ಮ ಸಂಸಾರ ಸಾಗಿತ್ತು. ಮುದ್ದೆ ಕೋಲು ಪೆಟ್ಟಿಗೆಯ ಹತ್ತಿರ ಬಂತೆಂದರೆ ಮುದ್ದೆ ತಿನ್ನುವವಳೂ ಹೊರಟಿದ್ದಾಳೆ ಎಂದು ಯಾವ ವಕೀಲನಾದರೂ ವಾದಿಸಬಹುದು. ಆದರೆ ನಾನು ನೇರವಾಗಿ “ಹಂಗಾದ್ರ ನೀ ಬರ್ತೀಯಲ್ಲ?” ಎಂದು ಕೇಳಿದಾಗ ಅವಳು, “ಮೊದ್ಲು ಕೋಲಿನ ಯವಾರ ತೀರ್ಲಿ,” ಎಂದು ಎದ್ದು ಹೋದಳು. ಆ ಒಂದು ಮಾತನ್ನು ಅವಳ ಬಾಯಿಂದ ಹೊರಡಿಸಲು ನಾನು ತಿಂಗಳುಗಟ್ಟಲೆ ಒದ್ದಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ರುದ್ರಮ್ಮ ಕೊಡ ತುಂಬಿಸಿ ಒಳಗಿಟ್ಟು, ಹೊರಗೆ ಜಗುಲಿಯ ಮೇಲೆ ಕುಳಿತು ಗೋಡೆಗೆ ಒರಗಿದಳು. ನೀರು ಹಿಡಿಯುತ್ತಿದ್ದ ಓಣಿಯ ಹೆಂಗಸರು ದಣಿವಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಡಾಕ್ಟರು ಬಂದು, ಹೃದಯ ನಿಂತು ಆಗಲೇ ಸ್ವಲ್ಪ ಹೊತ್ತಾಗಿದೆ ಎಂದರು.

ದುಃಖದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಹತ್ತನೇ ತರಗತಿ. ಆ ಓದಿನಲ್ಲಿ ಮೂರ್ಖತನದ ಬಗ್ಗೆಯಾದರೆ ಬರೆಯಬಹುದು, ಅದು ನನ್ನ ಸ್ವಂತ ಅನುಭವದ ವಿಷಯ. ಆದ್ದರಿಂದ ನಾವು ನೆಮ್ಮದಿ ಹುಡುಕಿಕೊಂಡು ವಿದೇಶಕ್ಕೆ ಹೊರಟ ಕಥೆಯನ್ನು ಬರೆಯುತ್ತೇನೆ.

ನಮ್ಮದು ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಶೆಡ್ಡು. ರಾಯದುರ್ಗದಲ್ಲಿ ಇದೇನೂ ವಿಶೇಷವಲ್ಲ. ನಮ್ಮಲ್ಲಿ ಕಲ್ಲು ಎಸೆದರೆ ಒಂದೋ ಬಂಡೆಗೆ ಬೀಳುತ್ತದೆ, ಇಲ್ಲವೆ ಜೀನ್ಸ್ ಶೆಡ್ಡಿನ ತಗಡಿಗೆ. ನಾನು ಬಟ್ಟೆ ಕತ್ತರಿಸುತ್ತಿದ್ದೆ, ರುದ್ರಮ್ಮ ಹೊಲಿಗೆ ನೋಡಿಕೊಳ್ಳುತ್ತಿದ್ದಳು. ಸಾಲಾಗಿ ಮಷೀನುಗಳು ಓಡುವಾಗ ಮೆಲ್ಲಗೆ ಮಾತಾಡಿದರೆ ತುಟಿ ಅಲ್ಲಾಡಿದ್ದು ಮಾತ್ರ ಕಾಣುತ್ತದೆ. ಹಾಗಾಗಿ ನಾವಿಬ್ಬರೂ ಕೂಗಿ ಮಾತಾಡುವುದನ್ನು ಕಲಿತೆವು. ಮನೆಗೆ ಬಂದ ಮೇಲೂ ಅದೇ ಗಂಟಲು. ನಮ್ಮ ಮನೆಯಲ್ಲಿ ಉಪ್ಪು ಹೆಚ್ಚಾದರೆ ಓಣಿಯ ಕೊನೆಯ ಮನೆಯವರು ನೀರು ಕುಡಿಯುತ್ತಿದ್ದರು. ವಯಸ್ಸಾಯಿತು, ಕಣ್ಣು ಮಂಜಾಯಿತು, ಶೆಡ್ಡನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿ ಕುಳಿತೆ.

ಕೆಲಸವಿಲ್ಲದ ಗಂಡಸಿನ ಕೈಗೆ ಫೋನು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಾನು ಒಳ್ಳೆಯ ಉದಾಹರಣೆ. ಒಂದು ದಿನ ಅದರಲ್ಲಿ ಬಿಳಿ ಗಡ್ಡದ ಮನುಷ್ಯನೊಬ್ಬ ಕಾಣಿಸಿಕೊಂಡ. ಥಾಯ್ಲೆಂಡಿನ ಯಾವುದೋ ಸಮುದ್ರದ ದಂಡೆ. ಮರದ ಮನೆ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಎರಡು ಕುರ್ಚಿ. ಆತ ಚಹಾ ಕುಡಿಯುತ್ತ, ಕೆಲಸ ಬಿಟ್ಟ ಮೇಲೆ ನಾನು ಇಲ್ಲಿಗೆ ಬಂದೆ, ಇಲ್ಲಿ ಎಷ್ಟು ನಿಶ್ಶಬ್ದವೆಂದರೆ ಎಲೆ ಬಿದ್ದದ್ದೂ ಕೇಳಿಸುತ್ತದೆ ಎಂದ. ನಾನು ಆ ವಿಡಿಯೋವನ್ನು ಇನ್ನೊಮ್ಮೆ ನೋಡಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ಎಲೆಯ ಸದ್ದಲ್ಲ, ಪ್ಲಾಸ್ಟಿಕ್ ಕೊಡ ಮಾರುವ ಆಟೋದ ಮೈಕು ನಮ್ಮ ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಕೂಗತೊಡಗಿತು. ಅದು ಹೋಗುವ ಹೊತ್ತಿಗೆ ಕಲ್ಯಾಣ ಮಂಟಪದ ಬ್ಯಾಂಡು ಶುರುವಾಯಿತು. ನಮ್ಮ ಓಣಿಯಲ್ಲಿ ದೇವರಿಗೆ ಮೈಕು, ಮದುವೆಗೆ ಮೈಕು, ಓಟಿಗೆ ಮೈಕು, ಕಳೆದುಹೋದ ಕುರಿಗೂ ಮೈಕು. ಮೈಕು ಇಲ್ಲದೆ ಕೇಳಿಸುತ್ತಿದ್ದುದು ರುದ್ರಮ್ಮನ ದನಿ ಒಂದೇ.

“ನಾವೂ ಅಂಥ ಕಡೆ ಹೋಗಿ ಇದ್ದುಬಿಡಾಣ,” ಎಂದೆ. ನಮಗೆ ಮಕ್ಕಳಿಲ್ಲ. ಕೇಳುವವರಾದರೂ ಯಾರು ಎಂದು ನನ್ನ ಲೆಕ್ಕ.

“ನಿಮ್ಗೆ ನೀರು ನೋಡ್ಕಂಡ್ ಕುಂತ್ಕಬೇಕು ಅಷ್ಟೆ ತಾನೆ?” ಎಂದಳು ರುದ್ರಮ್ಮ. “ಭೈರವಾನಿತಿಪ್ಪ ಡ್ಯಾಮಿಗೆ ಓಗ್ರಿ. ನೀರಿದ್ರೆ ಸಮುದ್ರ. ಇಲ್ದಿದ್ರೆ ದನ ಮೇಯೋದನ್ನ ನೋಡಬೌದು. ಅದೂ ನಿಶ್ಶಬ್ದಾನೇ.”

ಅವಳ ಮಾತನ್ನು ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದಿನ ಕಾಲದ ರಾಜರು ವಯಸ್ಸಾದ ಮೇಲೆ ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ಹೋಗುತ್ತಿದ್ದರಂತೆ. ರಾಣಿಯನ್ನು ಕೇಳಿಯೇ ಹೋಗುತ್ತಿದ್ದರು ಎಂದು ಯಾವ ಪುರಾಣಿಕನೂ ನನಗೆ ಹೇಳಿಲ್ಲ. ಅವರು ಕಾಡಿನಲ್ಲಿ ನೆಮ್ಮದಿಯಾಗಿದ್ದರು ಎಂದೂ ಹೇಳಿಲ್ಲ. ಒಮ್ಮೆ ನಮ್ಮ ಊರ ಬೆಟ್ಟದ ಮೇಲೆ ಚಿರತೆ ಕಾಣಿಸಿಕೊಂಡಿತು. ಅವತ್ತಿನಿಂದ ಎಷ್ಟೋ ದಿನ ಅತ್ತ ಕಡೆ ಯಾರೂ ವೈರಾಗ್ಯಕ್ಕೆ ಹೋಗಲಿಲ್ಲ. ಆದರೂ ಮುದುಕರ ತಲೆಗೆ ಈ ಯೋಚನೆ ಬರುವುದು ತಪ್ಪಿಲ್ಲ. ನೆಮ್ಮದಿ ಇರುವುದು ನಾವಿಲ್ಲದ ಊರಿನಲ್ಲಿ ಎಂದು ಎಲ್ಲರಿಗೂ ಗೊತ್ತು. ನಾವು ಅಲ್ಲಿಗೆ ಹೋದ ಮೇಲೂ ಅದು ಅಲ್ಲೇ ಕೂತಿರುತ್ತದೆ ಎಂದು ನಂಬುವುದಷ್ಟೆ ತಪ್ಪು.

ಇನ್ನು ವಿದೇಶವೆಂದರೆ ನಮಗೆ ಅಂಥ ಭಯವೇನೂ ಇರಲಿಲ್ಲ. ಆಂಧ್ರದಲ್ಲಿದ್ದುಕೊಂಡು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವವರು ನಾವು. ಕಣ್ಣು ತೋರಿಸಲು ಬಳ್ಳಾರಿಗೆ ಹೋದರೆ ರಾಜ್ಯ ದಾಟುತ್ತೇವೆ. ರುದ್ರಮ್ಮನ ತವರಿಗೆ ಹೋಗುವುದಾದರೆ ಕಲ್ಯಾಣದುರ್ಗದ ಮೇಲೆ ಹೋಗಿ, ಪಾವಗಡದಲ್ಲಿ ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೆ ಹೊರಬೀಳಬೇಕು. ಒಂದು ತವರಿಗೆ ಎರಡು ಗಡಿ. ಆಮೇಲೆ ಜಿಲ್ಲೆ ಒಡೆದಾಗ ಅವಳ ತವರು ಬೇರೆ ಜಿಲ್ಲೆಯಾಯಿತು. ಯಾರೂ ಕೂತಲ್ಲಿಂದ ಕದಲದೆ ದೂರವಾದರು. ಇಷ್ಟೆಲ್ಲ ಅಭ್ಯಾಸವಿರುವವರಿಗೆ ಥಾಯ್ಲೆಂಡ್ ಯಾವ ಲೆಕ್ಕ?

ಬೆಂಗಳೂರಿನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಫೋನಿನಲ್ಲಿ ಅವನ ದನಿ ಬೆಣ್ಣೆಯಂತಿತ್ತು. ಮೊದಲು ಪಾಸ್‌ಪೋರ್ಟ್ ಮಾಡಿಸಿ ಸರ್ ಎಂದ. ಅರ್ಜಿ ಹಾಕಿದೆವು. ವಿಚಾರಣೆಗೆ ಪೊಲೀಸಿನವರೊಬ್ಬರು ಮನೆಗೆ ಬಂದರು. ಈ ವಯಸ್ಸಿನಲ್ಲಿ ಯಾತಕ್ಕೆ ಹೋಗುತ್ತೀರಿ ಎಂದು ತೆಲುಗಿನಲ್ಲಿ ಕೇಳಿದರು. ಶಾಂತಿಗಾಗಿ ಎಂದೆ. ಅವರು ಟೋಪಿ ತೆಗೆದು, ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, “ಎವರಿತೋ ಗೊಡವ?” ಎಂದರು. ಯಾರ ಜೊತೆ ಜಗಳ ಎಂದು. ನಮ್ಮ ಸೀಮೆಯಲ್ಲಿ ಒಬ್ಬ ಮನುಷ್ಯ ಶಾಂತಿ ಬೇಕೆಂದು ಊರು ಬಿಡುತ್ತಾನೆಂದರೆ ಹಿಂದೆ ಯಾರೋ ಮಚ್ಚು ಹಿಡಿದು ನಿಂತಿರಬೇಕು. ಯಾರ ಜೊತೆಗೂ ಇಲ್ಲ ಎಂದು ನಾನು ಆಣೆ ಮಾಡಿದಷ್ಟೂ ಅವರ ಅನುಮಾನ ಬೆಳೆಯಿತು. ಕೊನೆಗೆ ರುದ್ರಮ್ಮ ಕಾಫಿ ತಂದಿಟ್ಟು, “ನಂಜೊತೆ ಕಣಪ್ಪ ಗೊಡವ, ಬರ್ಕಳ್ಳಿ,” ಎಂದಳು. ಅವರು ನಕ್ಕು, ಕಾಫಿ ಕುಡಿದು ಹೋದರು.

ಸುದ್ದಿ ಹರಡಲು ಅಷ್ಟು ಸಾಕಾಯಿತು. ಕೇಳುವವರು ಯಾರು ಎಂದುಕೊಂಡಿದ್ದೆನಲ್ಲ, ಕೇಳುವವರು ಎರಡು ತಾಲೂಕಿನ ತುಂಬ ಇದ್ದರು.

ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ದೂರ ಹೋಗುವವರನ್ನು ಮನೆಗೆ ಕರೆದು, ಉಣಿಸಿ, ಆಯಾರ ಮಾಡಿ ಕಳಿಸಬೇಕು. ಆಯಾರವೆಂದರೆ ಹೆಂಗಸಿಗೆ ಸೀರೆ ಕುಪ್ಪಸ, ಗಂಡಸಿಗೆ ಪಂಚೆ ಟವೆಲ್ಲು. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರದು ಬಿಟ್ಟರೆ ಜನ್ಮದ ದ್ವೇಷ. ಉಣ್ಣದೆ ಹೋದರೆ ಅವರಿಗೆ ಅವಮಾನ. ಉಂಡು ಹೋಗದಿದ್ದರೆ ನಮಗೆ. ನನ್ನ ಚಿಕ್ಕಪ್ಪನೊಬ್ಬ ಹಿಂದೆ ಕಾಶಿಗೆ ಹೊರಟು, ಎಲ್ಲರ ಮನೆಯಲ್ಲೂ ಹೋಳಿಗೆ ಉಂಡು, ರೈಲಿನ ದಿನ ಜ್ವರ ಬಂದು ಮಲಗಿದ. ಸಾಯುವವರೆಗೂ ಅವನನ್ನು ಜನ ಕರೆದದ್ದು ಕಾಶಿ ಉಂಡವ ಎಂದೇ. ಉಂಡ ಮೇಲೆ ಹೋಗಲೇಬೇಕು, ಅದು ನಿಯಮ.

ನಮ್ಮ ತಪ್ಪೆಂದರೆ, ಪಾಸ್‌ಪೋರ್ಟ್ ಬರುವುದಕ್ಕೆ ಮುಂಚೆಯೇ ಹೋಳಿಗೆ ಬಂತು. ಕರೆದಾಗ ಒಲ್ಲೆ ಎನ್ನಲಾಗಲಿಲ್ಲ. ವಿದೇಶವೆಂದರೆ ಮೂಗು ಮುರಿಯುತ್ತಿದ್ದ ರುದ್ರಮ್ಮ, ಊಟದ ವಿಷಯದಲ್ಲಿ ನನಗಿಂತ ಮುಂದೆ ಚೀಲ ಹಿಡಿದು ನಿಂತಳು. ನನಗೆ ಆಸೆ ಹುಟ್ಟಿತು. ಉಂಡರೆ ಹೋಗಲೇಬೇಕು, ಇವಳು ಉಣ್ಣುತ್ತಿದ್ದಾಳೆ, ಆದ್ದರಿಂದ ಇವಳು ಬರುತ್ತಾಳೆ. ಹೆಂಡತಿಯನ್ನು ಒಪ್ಪಿಸಲಾರದ ಗಂಡ ತರ್ಕಶಾಸ್ತ್ರಕ್ಕೆ ಮೊರೆಹೋಗುವುದು ಹೀಗೆ.

ಮೊದಲ ಊಟ ಬೊಮ್ಮನಹಾಳಿನಲ್ಲಿ, ನನ್ನ ಅಕ್ಕ ಬಸಕ್ಕನ ಮನೆಯಲ್ಲಿ. ಕಾಲುವೆ ನೀರಿನ ಭತ್ತದವರು, ಅನ್ನಕ್ಕೆ ಬರವಿಲ್ಲ. ಬಸಕ್ಕ ಎರಡನೇ ಸಲ ಅನ್ನ ಬಡಿಸುತ್ತ ಕೇಳಿದಳು.

“ಅಲ್ಲೋ ತಮ್ಮ, ಆ ದೇಶದಾಗ ಮಂದಿ ಸತ್ರ ಏನ್ ಮಾಡ್ತಾರ? ನಮ್ಮಂಗ ಕೂಡಿಸಿ ಮಣ್ಣು ಮಾಡ್ತಾರೋ, ಸುಡ್ತಾರೋ?”

“ನಾವು ಸಾಯಾಕ ಹೊಂಟಿಲ್ಲಕ್ಕ. ಶಾಂತಿಯಿಂದ ಇರಾಕ ಹೊಂಟೀವಿ.”

“ಇದ್ದು? ಆಮ್ಯಾಲ ಸಾಯೋದ ಅಲ್ಲೇನು?”

ರುದ್ರಮ್ಮ ಎಲೆಯ ಮುಂದೆ ಕೂತೇ ನಕ್ಕಳು. “ನೋಡ್ರೀ ಅತ್ಗೆಮ್ಮ, ಇದನ್ನ ನಾನು ಕೇಳಿದ್ರೆ ಅಪಶಕುನ ಅಂತಾರೆ. ನೀವು ಕೇಳಿದ್ರೆ ಬಾಯ್ಮುಚ್ಕಂಡ್ ಉಣ್ತಾರೆ.”

ಬಸಕ್ಕನ ಒತ್ತಾಯಕ್ಕೆ ಅಲ್ಲಿಂದಲೇ ಏಜೆಂಟನಿಗೆ ಫೋನು ಮಾಡಿ ಇದನ್ನೇ ಕೇಳಿದೆ. ಅವನು, “ಅದು ಪ್ಯಾಕೇಜಿನಲ್ಲಿ ಬರಲ್ಲ ಸರ್,” ಎಂದ. ಬಸಕ್ಕ ಫೋನನ್ನು ಕಸಿದುಕೊಂಡು, “ಮತ್ತೇನ್ ಬರ್ತೈತ್ರಿ?” ಎಂದಳು. ಬೆಳಗಿನ ತಿಂಡಿ ಬರುತ್ತದೆ ಎಂದನಂತೆ.

ಮಡಕಶಿರಾ ಕಡೆಯ ಊಟ ಇಷ್ಟು ಸುಲಭವಿರಲಿಲ್ಲ. ರುದ್ರಮ್ಮನ ಅಣ್ಣ ಸಿದ್ದಪ್ಪ ಹೊಲದ ಬದುವಿನ ಮೇಲಿದ್ದ ಹಳೆಯ ಹುಣಿಸೆ ಮರವನ್ನು ಅವಳಿಗೆ ಹೇಳದೆ ಕಡಿಸಿದ್ದ. ಅವಳ ಅಪ್ಪ ಹಾಕಿದ ಮರ. ಅವತ್ತಿನಿಂದ ಅವಳು ಅಣ್ಣನ ಮನೆಯಲ್ಲಿ ಉಂಡಿರಲಿಲ್ಲ. ತವರಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ಹೋಗಿ, ನಮ್ಮ ಮನೆಯಿಂದಲೇ ಕಟ್ಟಿಕೊಂಡು ಹೋದ ಬುತ್ತಿಯನ್ನು ಅಣ್ಣನ ಜಗುಲಿಯ ಮೇಲೆ, ಊರವರಿಗೆಲ್ಲ ಕಾಣುವ ಹಾಗೆ ಬಿಚ್ಚಿ ಉಂಡು ಬರುತ್ತಿದ್ದಳು. ಸಿದ್ದಪ್ಪ ಅಷ್ಟು ಹೊತ್ತೂ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿರುತ್ತಿದ್ದ. ಅವಳು ನೀರನ್ನೂ ಒಯ್ದಿರುತ್ತಿದ್ದಳು.

ಈ ಸಲ ಬುತ್ತಿ ಕಟ್ಟಲಿಲ್ಲ. ದೂರ ಹೋಗುವವರು ಜಗಳವನ್ನು ಹೊತ್ತುಕೊಂಡು ಹೋಗಬಾರದು ಎಂಬುದೂ ಪದ್ಧತಿ. ಸಿದ್ದಪ್ಪನೇ ಎದುರು ಕೂತು ಮುದ್ದೆ ಇಟ್ಟ.

“ಉಣ್ಣಮ್ಮಿ. ನಾಳೀಕೆ ನೀನೆಲ್ಲೋ ನಾನೆಲ್ಲೋ. ಮರ ಓಯ್ತು, ಮಾತೂ ಓಗ್ಬೇಕಾ?”

ಅವಳು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡು ನಿಧಾನವಾಗಿ ನುಂಗಿ, ಕೇಳಿದಳು. “ಸಾರಿಗೆ ಹುಣಿಸೆಹಣ್ಣು ಎಲ್ಲೀದು? ಅಂಗಡೀದಾ?”

ಸಿದ್ದಪ್ಪ, “ಊಂ ಕಣಮ್ಮಿ, ದುಡ್ಡು ಕೊಟ್ಟು ತಂದೆ. ಸಾಯೋಗಂಟ ತತ್ತೀನಿ. ಸಮಾಧಾನ ಆಯ್ತಾ?” ಎಂದ. “ಈಗ ಆಯ್ತು,” ಎಂದು ಅವಳು ಎರಡನೇ ಮುದ್ದೆ ಹಾಕಿಸಿಕೊಂಡಳು. ಹೊರಡುವಾಗ ಅಣ್ಣ ಹಸಿರು ಸೀರೆ ಕೊಟ್ಟ. ಅತ್ತಿಗೆ ಮಡಿಲು ತುಂಬಿದಳು. ರುದ್ರಮ್ಮ ಎಲ್ಲರ ಕೈ ಹಿಡಿದು, ಹಿರಿಯರ ಕಾಲು ಮುಟ್ಟಿ, “ಓಗಿ ಬತ್ತೀನಿ,” ಎಂದು ಮನೆಮನೆಗೂ ಹೇಳಿ ಬಂದಳು. ಕೊಟ್ಟಿಗೆಯ ಎಮ್ಮೆಗೂ ಹೇಳಿದಳು. ನಾನು ಬಸ್ಸು ತಪ್ಪುತ್ತದೆ ಎಂದು ಗಡಿಯಾರ ನೋಡುತ್ತ ನಿಂತಿದ್ದೆ.

ಪಾವಗಡ ದಾಟಿದ ಮೇಲೆ ಬಸ್ಸಿನಲ್ಲಿ ಕೇಳಿದೆ. “ಎಲ್ಲರಿಗೂ ಹೇಳಿ ಬಂದಿ. ಹಂಗಾದ್ರ ನನ್ನ ಜೊತಿ ಬರೋದು ಖರೇನಾ?”

“ನೀವು ಗದ್ಲ ಬ್ಯಾಡ ಅಂತ ಓಗ್ತಿರೋದು. ನಾನು ಬಂದ್ರೆ ಗದ್ಲಾನೂ ಬತ್ತೈತಲ್ರೀ?”

“ನೀ ಇಲ್ಲದ ನಾ ಅಲ್ಲಿಗೆ ಯಾಕ ಹೋಗ್ಲಿ?” ಎಂದೆ. ಇದನ್ನು ನಾನು ಬೇಕಾದ್ದಕ್ಕಿಂತ ಜೋರಾಗಿ ಹೇಳಿರಬೇಕು. ಮುಂದಿನ ಸೀಟಿನವನು ತಿರುಗಿ ನೋಡಿದ. ರುದ್ರಮ್ಮನಿಗೆ ನಾಚಿಕೆಯಾಯಿತು. “ಸುಮ್ಕಿರ್ರೀ, ಬಸ್ನಾಗೆ,” ಎಂದು ಕಿಟಕಿಯ ಕಡೆ ಮುಖ ಮಾಡಿ, ಊರು ಬರುವವರೆಗೂ ನಿದ್ದೆ ಮಾಡಿದಳು. ನಿದ್ದೆ ಮಾಡಿದಂತೆ ಇದ್ದಳೋ, ಹೇಳಲಾರೆ.

ನಿಜ ಹೇಳಬೇಕೆಂದರೆ ಆ ವಿಡಿಯೋದಲ್ಲಿ ನಾನು ಸಮುದ್ರವನ್ನು ಅಷ್ಟಾಗಿ ನೋಡಿರಲಿಲ್ಲ. ಗಡ್ಡದವನ ಪಕ್ಕದ ಖಾಲಿ ಕುರ್ಚಿಯನ್ನೇ ನೋಡಿದ್ದೆ. ಮಷೀನುಗಳ ನಡುವೆ ಕೂಗಿ ಕೂಗಿಯೇ ನಮ್ಮ ಆಯುಷ್ಯ ಕಳೆದಿತ್ತು. ಅವಳ ಮೆಲುದನಿ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಸದ್ದಿಲ್ಲದ ಊರಿನಲ್ಲಿ ಕೂತರೆ ಅವಳೂ ಮೆಲ್ಲಗೆ ಮಾತಾಡಬಹುದು ಎಂದು ನನ್ನ ಯೋಚನೆ. ಇದನ್ನು ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಓಣಿಯವರೆಲ್ಲ ಕೇಳುವಂತೆ ನಗುತ್ತಿದ್ದಳು.

ಅವಳು ಹೋದ ದಿನ ಸಿದ್ದಪ್ಪ ಎರಡು ಗಡಿ ದಾಟಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕೊನೆಯಲ್ಲಿ ತವರಿನ ಸೀರೆ ಹೊದಿಸಬೇಕು. ಅವನು ದಾರಿಯಲ್ಲಿ ಅಂಗಡಿ ಹುಡುಕಿ ಹೊಸ ಸೀರೆ ತಂದಿದ್ದ. ಬಸಕ್ಕ ಅಷ್ಟರಲ್ಲಿ ಪೆಟ್ಟಿಗೆಯಿಂದ ಆಯಾರದ ಹಸಿರು ಸೀರೆಯನ್ನು ತೆಗೆದಿದ್ದಳು, ಮಡಿಕೆಯೂ ಬಿಚ್ಚಿರಲಿಲ್ಲ. ಸಿದ್ದಪ್ಪ ಅದನ್ನು ನೋಡಿ, “ದೇಸಕ್ಕೆ ಉಟ್ಕಂಡೋಗ್ಲಿ ಅಂತ ಕೊಟ್ಟಿದ್ದು ಕಣಕ್ಕ,” ಎಂದು ತಾನು ತಂದ ಸೀರೆಯನ್ನು ಬದಿಗಿಟ್ಟ. ಅದನ್ನೇ ಹೊದಿಸಿದೆವು. ಬೆಟ್ಟದ ಬುಡದ ನಮ್ಮವರ ರುದ್ರಭೂಮಿಯಲ್ಲಿ, ನಮ್ಮ ಪದ್ಧತಿಯಂತೆ ಕುಳ್ಳಿರಿಸಿ, ವಿಭೂತಿ ಹಚ್ಚಿ ಮಣ್ಣು ಕೊಟ್ಟೆವು. ಪ್ಯಾಕೇಜಿನಲ್ಲಿ ಇರದ ಕೆಲಸವನ್ನೆಲ್ಲ ಬಳಗದವರೇ ಮಾಡಿದರು.

ಆಮೇಲೆ ಸಮಾಧಾನ ಹೇಳುವವರು ಬರತೊಡಗಿದರು. ದುಃಖವನ್ನಾದರೂ ತಡೆಯಬಹುದು, ಸಮಾಧಾನವನ್ನು ತಡೆಯುವುದು ಕಷ್ಟ. ಬಂದವರೆಲ್ಲ ಒಂದೇ ಮಾತು: ಆಕೆಗೆ ಮೊದಲೇ ಗೊತ್ತಿತ್ತು. ಅದಕ್ಕೇ ಎಲ್ಲರ ಮನೆಯಲ್ಲೂ ಉಂಡು, ಎಲ್ಲರಿಗೂ ಹೇಳಿ ಹೋದಳು, ಪುಣ್ಯವಂತೆ. ಬಸಕ್ಕನಿಗೆ ಹೊಸ್ತಿಲ ಮೇಲೆ ನಿಂತು ಎರಡು ಸಲ ಹೇಳಿದ್ದಳಂತೆ. ಸಿದ್ದಪ್ಪನ ಹೆಂಡತಿಗೆ ಕೈ ಹಿಸುಕಿ ಹೇಳಿದ್ದಳಂತೆ. ಉಪ್ಪು ಕಡಿಮೆ ಮಾಡಿಕೋ ಎಂದು ಡಾಕ್ಟರು ಹೇಳಿದರೆ ನಂಬದವಳಿಗೆ ತನ್ನ ಸಾವು ಮೊದಲೇ ಗೊತ್ತಿತ್ತು ಎಂದು ಇವರು ನನಗೆ ಹೇಳುತ್ತಾರೆ. ನಾನು ಹೌದ್ರಿ ಎನ್ನುತ್ತೇನೆ. ಉಣಿಸಿದವರ ಜೊತೆ ವಾದ ಮಾಡಬಾರದು.

ಒಂದು ದಿನ ಏಜೆಂಟನ ಫೋನು ಬಂತು. ವಿಷಯ ಹೇಳಿದೆ. ಬಹಳ ಬೇಸರಪಟ್ಟುಕೊಂಡ. ಆಮೇಲೆ ಬೆಣ್ಣೆಯ ದನಿಯಲ್ಲಿ, “ಒಬ್ಬರೇ ಆದ್ರೆ ಪ್ರೊಸೀಜರ್ ಇನ್ನೂ ಸುಲಭ ಸರ್,” ಎಂದ. ಅವನನ್ನು ಬೈಯಲಿಲ್ಲ. ಅವನು ಹೇಳಿದ್ದು ನಿಜವೇ. ಒಬ್ಬನಿಗೆ ಎಲ್ಲವೂ ಸುಲಭ. ಒಂದೇ ಒಲೆಯ ಮೇಲೆ ಒಂದೇ ಅಡುಗೆ. ಶಾಂತಿಗೂ ವೀಸಾ ಬೇಕಾಗಲಿಲ್ಲ, ತಾನಾಗಿ ಮನೆಗೆ ಬಂದು ಕೂತಿದೆ. ಪಾಸ್‌ಪೋರ್ಟುಗಳೂ ಬಂದವು, ಎರಡೂ. ಅವಳ ಫೋಟೋದಲ್ಲಿ ಬಾಯಿ ಮುಚ್ಚಿದೆ. ಮಾತಾಡಬೇಡಿ ಎಂದು ಫೋಟೋದವನು ಮೂರು ಸಲ ಬೇಡಿಕೊಳ್ಳಬೇಕಾಯಿತು.

ಬಳಗದವರು ಈಗ ಮೆಲ್ಲಗೆ ಕೇಳುತ್ತಾರೆ: ಮುಂದೇನು ಮಾಡ್ತೀರಿ, ಹೋಗ್ತೀರೇನು? ಉಂಡವನು ಹೋಗಬೇಕಲ್ಲ. ಇಬ್ಬರೂ ಉಂಡಿದ್ದೆವು, ಒಬ್ಬಳು ಹೋಗಿಬಿಟ್ಟಿದ್ದಾಳೆ, ಮಾನ ಅರ್ಧವಾದರೂ ಉಳಿಯಿತು ಎನ್ನುತ್ತೇನೆ. ಅವರು ನಗಬೇಕೋ ಬೇಡವೋ ತಿಳಿಯದೆ ಚಹಾ ಕುಡಿಯುತ್ತಾರೆ.

ಇಲ್ಲಿ ಎಲ್ಲವೂ ಇದೆ. ಓಣಿಯಿದೆ, ಮೈಕುಗಳಿವೆ, ಅಕ್ಕ ವಾರಕ್ಕೊಮ್ಮೆ ಅಕ್ಕಿ ಕಳಿಸುತ್ತಾಳೆ, ಸಿದ್ದಪ್ಪ ದಿನವೂ ಫೋನು ಮಾಡುತ್ತಾನೆ. ಊರಿಗೆಲ್ಲ ಹೋಗಿ ಬರುತ್ತೇನೆ ಎಂದು ಹೇಳಿದವಳು ನನಗೆ ಹೇಳಲಿಲ್ಲ, ಜೊತೆಗೇ ಇದ್ದವನಿಗೆ ಯಾರೂ ಹೇಳುವುದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನಾನು ಕೇಳಿದ್ದು ಬೇರೆ. ನನ್ನ ಜೊತೆ ಬರುತ್ತಿದ್ದಳೋ ಇಲ್ಲವೋ, ಅದು ನನಗೆ ಇನ್ನೂ ಗೊತ್ತಿಲ್ಲ.